ಅಡ್ಡಕ್ಕೆ ಸರಿಯದ ಮನುಷ್ಯ

ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ, ಐದು ಮಹಡಿಯ ಜವಳಿ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಬೆಳಿಗ್ಗೆ ಹೋಗಿ ಆ ಕಬ್ಬಿಣದ ಪೆಟ್ಟಿಗೆಯೊಳಗೆ ಸ್ಟೂಲಿನ ಮೇಲೆ ಕೂತರೆ ಮೇಲೆ, ಕೆಳಗೆ, ಮತ್ತೆ ಮೇಲೆ. ನಿವೃತ್ತರಾದ ದಿನ ಅಂಗಡಿಯವರು ಲೆಕ್ಕ ಹಾಕಿ, ಅರ್ಧ ಭೂಮಿ ಸುತ್ತುವಷ್ಟು ದೂರ ಓಡಾಡಿದ್ದೀರಿ ಅಂತ ಹೊಗಳಿದರಂತೆ. ಮಾವ ಎದ್ದು ನಿಂತು, "ಅದು ಮೇಲಕ್ಕೂ ಕೆಳಕ್ಕೂ ಆಯ್ತು. ಆದ್ರೆ ಅಡ್ಡಕ್ಕೆ ಒಂದು ಕೂದಲೆಳೆಯಷ್ಟೂ ಸರಿದಿಲ್ಲ, ಅದನ್ನೂ ಬರ್ಕೊಳ್ಳಿ" ಅಂದರಂತೆ. ನಾನು ಸೊಸೆಯಾಗಿ ಬಂದ ಮೊದಲ ದಿನವೇ ಈ ಮಾತನ್ನು ಕೇಳಿಸಿಕೊಂಡೆ. ಆಮೇಲೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಮಾತಿನಲ್ಲೂ ಅವರು ಹಾಗೆಯೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕುರ್ಚಿಯನ್ನು ಒಂದು ಮೂಲೆಯಲ್ಲಿಟ್ಟರೆ ಅದು ಮುರಿಯುವವರೆಗೂ ಅದೇ ಮೂಲೆಯಲ್ಲೇ ಇರಬೇಕು. ನನ್ನ ಗಂಡನೋ ಇದಕ್ಕೆ ತದ್ವಿರುದ್ಧ. ಟೈರಿಗೆ ಪಂಕ್ಚರ್ ಹಾಕುವ ಕೆಲಸ ಅವನದು. ಹೌದಪ್ಪನ ಮನೆಯಲ್ಲಿ ಹೌದಪ್ಪ, ಅಲ್ಲಪ್ಪನ ಮನೆಯಲ್ಲಿ ಅಲ್ಲಪ್ಪ. ಇವರಿಬ್ಬರ ನಡುವೆ ಮನೆಯಲ್ಲಿ ಜಗಳವಾಡುವ ಕೆಲಸವೆಲ್ಲ ನನ್ನ ಪಾಲಿಗೇ ಬಂತು. ಔಷಧದಂಗಡಿಯ ಕೆಲಸದಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡು ಬಂದ ಮೇಲೂ ಅದನ್ನು ನಾನು ಶ್ರದ್ಧೆಯಿಂದ ಮಾಡುತ್ತಿದ್ದೆ.

ನಮ್ಮ ಮನೆ ಒಂದು ಹಳ್ಳದ ಅಂಚಿನಲ್ಲಿತ್ತು. ಮುಂದೆ ಬೀದಿ, ಹಿಂದೆ ಹಿತ್ತಲು, ಹಿತ್ತಲು ಮುಗಿದಲ್ಲಿ ಇಳಿಜಾರು, ಇಳಿಜಾರಿನ ಬುಡದಲ್ಲಿ ಹಳ್ಳ. ಹಳ್ಳದ ಆಚೆ ದಡದಲ್ಲಿ ಮೇಲಿನ ರಸ್ತೆಯನ್ನು ಹೊತ್ತು ನಿಂತ ಎತ್ತರದ ಕಲ್ಲಿನ ಗೋಡೆ. ಗೋಡೆಯ ಬುಡದಲ್ಲಿ ಒಂದು ಸಾಲು ಮನೆ. ಅದರಲ್ಲೊಂದು ಮಾವನ ತಂಗಿಯದು. ನಾನು ಅವರನ್ನು ಚಿಕ್ಕತ್ತೆ ಅನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದು ಬದುಕುತ್ತಿದ್ದ ಹೆಂಗಸು. ಕಡಿಮೆ ಮಾತು, ಹೆಚ್ಚು ಕೆಲಸ.

ಆ ಗೋಡೆಯಲ್ಲಿ ಒಂದು ದಿನ ಯಾರಿಗೋ ಒಂದು ಬಿರುಕು ಕಂಡಿತು. ಗೋಡೆ ಮುಂದಕ್ಕೆ ಸರಿಯುತ್ತಿದೆಯೋ ಇಲ್ಲವೋ ನೋಡಲು ಅಳತೆ ಕಚೇರಿಯವರು ಬಂದರು. ಮುಖ್ಯಸ್ಥರು ಬೋಳುತಲೆಯ ಸಾಹೇಬರು, ಒಳ್ಳೆಯ ಮನುಷ್ಯ, ಟೀ ಕೊಟ್ಟರೆ ಇನ್ನೂ ಒಳ್ಳೆಯವರು. ಒಂದು ವಸ್ತು ಅಡ್ಡಕ್ಕೆ ಎಷ್ಟು ಸರಿಯಿತು ಅಂತ ಹೇಳಬೇಕಾದರೆ ಸರಿಯದ ಇನ್ನೊಂದು ವಸ್ತು ಬೇಕು, ಅಲ್ಲಿಂದ ಅಳೆಯಬೇಕು ಅಂತ ಅವರೇ ನನಗೆ ತಿಳಿಸಿ ಹೇಳಿದರು. ಗೋಡೆಗೆ ನೇರವಾಗಿ ಎದುರಿರುವುದು ನಮ್ಮ ಹಿತ್ತಲು. ಕೆಳಗೆ ಬಂಡೆ ಇದೆ ಅಂತ ಮಾವ ಎದೆ ತಟ್ಟಿ ಹೇಳಿದರು. ಅಗೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ಹೀಗೆ ನಮ್ಮ ಹಿತ್ತಲಲ್ಲಿ ಸೊಂಟದೆತ್ತರದ ಕಾಂಕ್ರೀಟ್ ಕಂಬವೊಂದು ಎದ್ದಿತು. ಅದರ ನೆತ್ತಿಗೆ ಹಿತ್ತಾಳೆಯ ತಗಡು, ತಗಡಿನ ಮೇಲೆ 'ಸ್ಥಿರ ಬಿಂದು' ಎಂಬ ಅಕ್ಷರ. ಗೋಡೆಯ ಮೇಲೆ ಅಲ್ಲಲ್ಲಿ ಸಣ್ಣ ಕನ್ನಡಿ ಅಂಟಿಸಿದರು. ಪ್ರತಿ ತಿಂಗಳೂ ಸಾಹೇಬರು ಬಂದು ಕಂಬದ ಮೇಲೆ ಯಂತ್ರ ಕೂರಿಸಿ ಬೆಳಕು ಬಿಡುವುದು, ಆ ಬೆಳಕು ಕನ್ನಡಿಗೆ ಬಡಿದು ವಾಪಸ್ ಬರುವುದು, ಕಂಬದಿಂದ ಗೋಡೆಗೆ ಎಷ್ಟು ದೂರ ಅಂತ ಯಂತ್ರ ಹೇಳುವುದು. ದೂರ ಕಡಿಮೆಯಾದರೆ ಗೋಡೆ ಮುಂದೆ ಬಂತು ಅಂತ ಅರ್ಥ. ಇಷ್ಟೇ ವಿದ್ಯೆ.

ಮಾವನಿಗೆ ಮಾತ್ರ ಅದು ಇಷ್ಟೇ ಆಗಿರಲಿಲ್ಲ. ಇಡೀ ಊರಿನಲ್ಲಿ ಅಲುಗದ ಜಾಗ ಒಂದೇ, ಅದು ನಮ್ಮ ಮನೆಯ ಹಿತ್ತಲು! ಮರುದಿನದಿಂದಲೇ ಹಿತ್ತಲಲ್ಲಿ ಓಡುವಂತಿಲ್ಲ, ಒಗೆಯುವ ಬಟ್ಟೆಯನ್ನು ಕಲ್ಲಿಗೆ ಬಡಿಯುವಂತಿಲ್ಲ, ಸೀನು ಬಂದರೆ ಬೀದಿಗೆ ಹೋಗಬೇಕು. ಬಂದ ನೆಂಟರನ್ನು ಮೊದಲು ಕಂಬದ ಹತ್ತಿರ ಕರೆದುಕೊಂಡು ಹೋಗಿ, "ಇದು ನೋಡಿ, ಇದನ್ನ ನಂಬ್ಕೊಂಡೇ ಊರು ಕೂತಿದೆ" ಅನ್ನುವರು. ನೆಂಟರು ಕಂಬವನ್ನು ನೋಡಿ, ನನ್ನನ್ನು ನೋಡಿ, ಏನು ಹೇಳಬೇಕೋ ತಿಳಿಯದೆ ಚೆನ್ನಾಗಿದೆ ಅನ್ನುವರು. ಒಂದು ಸಲ ನಾನು ಮರೆತು ಅದರ ಮೇಲೆ ಒದ್ದೆ ಟವೆಲ್ ಹರವಿದ್ದೆ. ಮಾವ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಆ ಎರಡು ದಿನ ನೆಮ್ಮದಿಯಾಗಿದ್ದೆ ಅಂತ ಹೇಳಲು ನನಗೇನೂ ನಾಚಿಕೆಯಿಲ್ಲ.

ಬೇಸಿಗೆ ಬಂದಾಗ ಕಂಬಕ್ಕೆ ಬಿಸಿಲು ಬೀಳುವುದನ್ನು ಅವರಿಂದ ನೋಡಲಾಗಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವರು ಕೊಡೆಗೆ ತೃಪ್ತರಾಗದೆ ತಗಡಿನ ಗೂಡನ್ನೇ ಕಟ್ಟಿದರು. ಮೇಲೊಂದು ಮಾಡು, ಮೂರು ಕಡೆ ತಗಡು, ಗೋಡೆಯ ಕಡೆಗೆ ಮಾತ್ರ ತೆರೆದ ಬಾಯಿ.

ಮುಂದಿನ ಸಲ ಬಂದ ಸಾಹೇಬರು ಗೂಡಿನೊಳಗೆ ನಿಂತು ಒಂದು ಕ್ಷಣ ತಲೆ ಕೆರೆದುಕೊಂಡರು. "ಯಜಮಾನ್ರೇ, ಬೀದಿಯಾಚೆ ಗುಡ್ಡದ ಮೇಲಿನ ನೀರಿನ ಟ್ಯಾಂಕು ಕಾಣ್ತಾ ಇಲ್ವಲ್ಲ. ಗೋಡೆ ಅಳೆಯೋ ಮುಂಚೆ ಪ್ರತಿಸಲ ಅದನ್ನ ನೋಡ್ಬೇಕು."

"ಯಾಕೆ ನೋಡ್ಬೇಕು? ಟ್ಯಾಂಕು ಎಲ್ಲಿಗೆ ಹೋಗತ್ತೆ?"

"ಟ್ಯಾಂಕು ಎಲ್ಲಿಗೂ ಹೋಗಲ್ಲ. ಅದರಿಂದ ಕಂಬಕ್ಕೆ ಇರೋ ದೂರ ಬದಲಾಗಿಲ್ಲ ಅಂದ್ರೆ ಕಂಬ ಸರಿದಿಲ್ಲ ಅಂತ ಗ್ಯಾರಂಟಿ."

ಮಾವನ ಮುಖ ಕೆಂಪಾಯಿತು. "ಅಂದ್ರೆ ನನ್ನ ಕಂಬದ ಮೇಲೆ ಅನುಮಾನವಾ? ಹಾಗಿದ್ರೆ ಈ ತಗಡು ಕಿತ್ತು ಬಿಸಾಕ್ತೀನಿ. ಬಿಸಿಲಲ್ಲೇ ನಿಂತು ಅಳೀರಿ."

ಸಾಹೇಬರು ತಮ್ಮ ಬೋಳುತಲೆಯನ್ನು ಸವರಿಕೊಂಡರು. ನೆರಳು ತಂಪಾಗಿತ್ತು, ಟೀ ಬಿಸಿಯಾಗಿತ್ತು, ನಿವೃತ್ತಿಗೆ ಬಹಳ ದಿನ ಉಳಿದಿರಲಿಲ್ಲ. ಟ್ಯಾಂಕಿನ ಮಾತು ಅಲ್ಲಿಗೇ ಬಿತ್ತು.

ಅದಾಗಿ ಕೆಲವು ತಿಂಗಳಿಗೆ ಗೋಡೆ ಹೊರಟಿತು. ಮೊದಲು ಅಕ್ಕಿಕಾಳಿನಷ್ಟು, ಆಮೇಲೆ ಬೆರಳಿನಷ್ಟು, ಆಮೇಲೆ ಗೇಣಿನಷ್ಟು. ಪ್ರತಿ ಅಳತೆಗೂ ಗೋಡೆ ನಮ್ಮ ಕಂಬಕ್ಕೆ ಹತ್ತಿರ ಬರುತ್ತಲೇ ಇತ್ತು. ಕಚೇರಿಯಲ್ಲಿ ಗದ್ದಲವೋ ಗದ್ದಲ. ಗೋಡೆಗೆ ಕಬ್ಬಿಣದ ಊರುಗೋಲು ಕೊಟ್ಟರು. ಗೇಣಿನಷ್ಟು ಮುಂದೆ ಬಂದರೂ ಒಂದು ಕಲ್ಲೂ ಅಲುಗಿಲ್ಲವಲ್ಲ, ಹಿಂದಿನವರ ಕೆಲಸ ಎಂದರೆ ಹೀಗಿರಬೇಕು ಅಂತ ಬಂದ ದೊಡ್ಡ ಅಧಿಕಾರಿಗಳೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆ ಬೆರಳನ್ನು ಸ್ವಲ್ಪ ತಲೆಗೂ ಮುಟ್ಟಿಸಿಕೊಂಡಿದ್ದರೆ ಚೆನ್ನಾಗಿತ್ತು.

ಗೋಡೆಯ ಬುಡದ ಮನೆಗಳನ್ನು ಖಾಲಿ ಮಾಡಿಸಿದರು. ಎಲ್ಲರಿಗಿಂತ ಮುಂದೆ ನಿಂತು ಖಾಲಿ ಮಾಡಿಸಿದವರು ನಮ್ಮ ಮಾವ. ಚಿಕ್ಕತ್ತೆ ಬಾಗಿಲಲ್ಲಿ ನಿಂತು ಹೇಳಿದರು, "ಅಣ್ಣ, ನನ್ನ ಮನೇಲಿ ಒಂದು ಬಿರುಕೂ ಇಲ್ಲ. ಬಾಗಿಲು ಬೆಣ್ಣೆ ಥರ ಮುಚ್ಚತ್ತೆ. ನಾನು ಎಲ್ಲಿಗೂ ಬರಲ್ಲ."

"ನಿನಗೇನು ಗೊತ್ತು? ನನ್ನ ಕಂಬ ಹೇಳ್ತಿದೆ."

"ಕಂಬ ನಿನ್ನ ತಂಗೀನಾ, ನಾನು ನಿನ್ನ ತಂಗೀನಾ?"

ಮಾವ ಹೊಲಿಗೆ ಮಿಷನ್ನನ್ನು ಗಾಡಿಗೆ ಏರಿಸಿ, ಅಕ್ಕಪಕ್ಕದವರ ಮುಂದೆಯೇ ತಂಗಿಯ ಮನೆಗೆ ತಾವೇ ಬೀಗ ಹಾಕಿ, ಬೀಗದ ಕೈಯನ್ನು ಅಳತೆ ಕಚೇರಿಯವರಿಗೆ ಕೊಟ್ಟರು. ಚಿಕ್ಕತ್ತೆ ಅಳುತ್ತಾ ನಮ್ಮ ಮನೆಗೆ ಬಂದರು. ಅವರಿಗೆ ಹಿಂದಿನ ಕೋಣೆ ಬಿಟ್ಟುಕೊಟ್ಟೆವು. ಕಂಬಕ್ಕೆ ಹತ್ತಿರ, ಬಹಳ ಭದ್ರ ಅಂತ ಮಾವನೇ ಆರಿಸಿದ ಕೋಣೆ.

ಆ ಕೋಣೆಯಲ್ಲಿ ನೂಲಿನ ಉಂಡೆ ಕೆಳಗೆ ಬಿದ್ದರೆ ಸೀದಾ ಹಿತ್ತಲ ಕಡೆಯ ಮೂಲೆಗೆ ಓಡುತ್ತಿತ್ತು. ಚಿಕ್ಕತ್ತೆ ತಂದು ಮೇಜಿನ ಮೇಲಿಟ್ಟರೆ ಮೇಜಿನಿಂದಲೂ ಅದೇ ಮೂಲೆಗೆ. ಹೊಲಿಗೆಯೂ ಓರೆಯಾಗಿ ಬರತೊಡಗಿತು. "ಅಣ್ಣ, ಈ ನೆಲ ವಾಲಿದೆ" ಅಂತ ಒಂದು ದಿನ ಹೇಳಿಯೇಬಿಟ್ಟರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು ಮಾವ, ನಗುತ್ತಾ. ಗಾದೆ ಇಷ್ಟು ಚೆನ್ನಾಗಿ ಒಗ್ಗಿ, ಇಷ್ಟು ತಪ್ಪಾಗಿ ಬಳಕೆಯಾದದ್ದನ್ನು ನಾನು ಬೇರೆ ಕಂಡಿಲ್ಲ.

ನೆಲ ಮಾತ್ರವೇ? ಅಡುಗೆಮನೆಯ ಬಾಗಿಲನ್ನು ಭುಜ ಕೊಟ್ಟು ತಳ್ಳಬೇಕಾಯಿತು. ಮುಂದಿನ ಗೇಟಿಗೂ ಬೀದಿಗೂ ನಡುವೆ ಒಂದು ಸಂದು ಬಿಟ್ಟುಕೊಂಡಿತು. ಬೀದಿಯಿಂದ ಮನೆಗೆ ಬರುವ ನೀರಿನ ಕೊಳವೆ ಎರಡು ಸಲ ಕಿತ್ತುಕೊಂಡು ನೀರು ನೆಲದೊಳಕ್ಕೆ ಇಳಿಯಿತು. ಎರಡು ಸಲವೂ ಉದ್ದದ ತುಂಡು ಹಾಕಿ ಜೋಡಿಸಿದರು. ಎಲ್ಲದಕ್ಕೂ ಮಾವನ ಹತ್ತಿರ ಒಂದೇ ವಿವರಣೆ: ಮನೆ ಇದ್ದಲ್ಲೇ ಇದೆ, ಬೀದಿ ಆಚೆಗೆ ಸರಿಯುತ್ತಿದೆ. ಹಾಗಂತ ನಗರಸಭೆಗೆ ಅರ್ಜಿಯನ್ನೂ ಬರೆದರು. ಊರೆಲ್ಲ ನಗುತ್ತದೆ ಅಂತ ನಾನು ತಲೆ ಚಚ್ಚಿಕೊಂಡೆ.

ನಗರಸಭೆ ನಗಲಿಲ್ಲ. "ಅಳತೆ ಕಚೇರಿಯ ದಾಖಲೆಗಳ ಪ್ರಕಾರ ತಮ್ಮ ನಿವೇಶನವು ಸ್ಥಿರವಾಗಿರುವುದರಿಂದ, ಸದರಿ ಬೀದಿಯೇ ಸರಿದಿದೆಯೆಂದು ಪರಿಗಣಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಉತ್ತರ ಬಂತು. ಮುಂದಿನ ವಾರ ಜನ ಬಂದು ಬೀದಿಯ ಅಂಚಿಗೆ ಸಿಮೆಂಟು ಹಾಕಿ, ತಪ್ಪಿಸಿಕೊಂಡು ಹೋಗುತ್ತಿದ್ದ ಬೀದಿಯನ್ನು ನಮ್ಮ ಗೇಟಿಗೆ ತಂದು ಸೇರಿಸಿದರು. ಎರಡು ತಿಂಗಳಲ್ಲಿ ಮತ್ತೆ ಸಂದು ಬಿಟ್ಟಿತು. ಮತ್ತೆ ಬಂದರು, ಮತ್ತೆ ಸೇರಿಸಿದರು. ವಿದ್ಯುತ್ ಕಂಬದ ತಂತಿ ಬಿಗಿದುಕೊಂಡಾಗ, ನಿಮ್ಮ ಕಂಬ ಓಡಿಹೋಗ್ತಿದೆ ಅಂತ ಮಾವ ಲೈನ್‌ಮನ್‌ಗೆ ಬೈದರು. ಅವನು ಆ ಕಂಬವನ್ನು ಕಿತ್ತು ನಮ್ಮ ಮನೆಯ ಹತ್ತಿರಕ್ಕೆ ನೆಟ್ಟುಹೋದ. ಇಡೀ ಊರೇ ನಮ್ಮ ಮನೆಯ ಹಿಂದೆ ನಡೆದು ಬರುತ್ತಿತ್ತು, ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಕೊನೆಗೆ ನನಗೂ ಅಭ್ಯಾಸವಾಗಿಹೋಯಿತು.

ಬೋಳು ಸಾಹೇಬರು ನಿವೃತ್ತರಾಗಿ ಅವರ ಜಾಗಕ್ಕೆ ಹೊಸ ಮೇಡಂ ಒಬ್ಬರು ಬಂದರು. ಚಿಕ್ಕ ವಯಸ್ಸು, ಟೀ ಕುಡಿಯುವವರಲ್ಲ. ಮಾವನಿಗೆ ಅಲ್ಲಿಯೇ ಅನುಮಾನ. ಮೇಡಂ ಗೂಡಿನೊಳಗೆ ಹೋಗಿ, "ಟ್ಯಾಂಕು ಎಲ್ಲಿ?" ಅಂದರು. ಮಾವ ಬಾಯಿ ತೆರೆಯುವ ಮೊದಲೇ ಹಿಂದಿನ ತಗಡಿನ ಮೊಳೆಗಳನ್ನು ತಾವೇ ಕಿತ್ತು, ಯಂತ್ರವನ್ನು ಹಿಂದಕ್ಕೆ ತಿರುಗಿಸಿದರು. ನೋಡಿದರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಆಮೇಲೆ ಕಂಬದಷ್ಟೇ ಗಟ್ಟಿಯಾಗಿ ನಿಂತಿದ್ದ ಮಾವನ ಕಡೆ ತಿರುಗಿ, ಬಹಳ ಮೆಲ್ಲಗೆ ಹೇಳಿದರು.

"ಯಜಮಾನ್ರೇ, ಗೋಡೆ ಸರಿದಿಲ್ಲ. ಒಂದಿಷ್ಟೂ ಸರಿದಿಲ್ಲ. ನಿಮ್ಮ ಕಂಬ ಒಂದು ಮೊಳದಷ್ಟು ಹಳ್ಳದ ಕಡೆಗೆ ಹೋಗಿದೆ. ಕಂಬದ ಜೊತೆ ಹಿತ್ತಲು, ಹಿತ್ತಲ ಜೊತೆ ಮನೆ. ಕೊಳವೆ ನೀರು ಬೇರೆ ಒಳಗೆ ಇಳಿದಿದೆ. ಈ ಮಣ್ಣು ಯಾವತ್ತು ಬೇಕಾದ್ರೂ ಜಾರಬಹುದು. ಇವತ್ತೇ ಮನೆ ಖಾಲಿ ಮಾಡಿ."

 ಗಟ್ಟಿ ನೆಲದ ಮೇಲಿದ್ದ ಹೆಂಗಸನ್ನು ಅಳಿಸಿ ಎಳೆದುತಂದು, ಜಾರುವ ನೆಲದ ತುತ್ತತುದಿಯ ಕೋಣೆಯಲ್ಲಿ ಮಲಗಿಸಿದ್ದೆವು. ಚಿಕ್ಕತ್ತೆ ಹಿಂದಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಅಣ್ಣನನ್ನು ನೋಡಲಿಲ್ಲ, ಅಣ್ಣನೂ ಅವರನ್ನು ನೋಡಲಿಲ್ಲ.

"ಸುಳ್ಳು" ಅಂದರು ಮಾವ. "ಟ್ಯಾಂಕೇ ಸರಿದಿರಬೇಕು."

ಮೇಡಂಗೆ ಸಿಟ್ಟು ಬರಲಿಲ್ಲ. ಅದೇ ಸಂಜೆ ಇನ್ನೊಂದು ಯಂತ್ರ ತಂದರು. ಆಕಾಶದ ಉಪಗ್ರಹಗಳನ್ನು ಕೇಳಿ ಜಾಗ ಹೇಳುವ ಯಂತ್ರ. ಅದೂ ಅದೇ ಒಂದು ಮೊಳ ಹೇಳಿತು.

"ಈ ಉಪಗ್ರಹ ಅನ್ನೋದು ನಿಂತಿರತ್ತೋ, ಓಡ್ತಿರತ್ತೋ?" ಮಾವ ಕೇಳಿದರು.

"ಓಡ್ತಿರತ್ತೆ."

"ಹಗಲೂ ರಾತ್ರಿ ಓಡೋ ಅಲೆಮಾರಿ ಬಂದು, ನಿಂತವನ ಮೇಲೆ ಸಾಕ್ಷಿ ಹೇಳತ್ತಾ? ಇದ್ಯಾವ ನ್ಯಾಯ ಮೇಡಂ?"

ಮೇಡಂ ಓದಿದ ಓದಿನಲ್ಲಿ ಇದಕ್ಕೆ ಉತ್ತರ ಖಂಡಿತ ಇತ್ತು, ಆದರೆ ಇಂಥ ಮುಖದ ಎದುರು ಅದನ್ನು ಹೇಳುವ ಧೈರ್ಯ ಯಾವ ಪುಸ್ತಕವೂ ಕೊಡುವುದಿಲ್ಲ. ಅವರು ಕಂಬದ ಮೇಲಿನ ಹಿತ್ತಾಳೆಯ ತಗಡನ್ನು ಬಿಚ್ಚಿಕೊಂಡು, ಚಿಕ್ಕತ್ತೆಯ ಕೈಗೆ ಅವರ ಮನೆಯ ಬೀಗದ ಕೈ ಕೊಟ್ಟು ಹೋದರು.

ನಾವು ಸಾಮಾನು ಕಟ್ಟಿದೆವು. ನನ್ನ ಗಂಡ ಮೇಡಂ ಹೇಳಿದ್ದೂ ಸರಿ, ಅಪ್ಪ ಹೇಳೋದೂ ಸರಿ ಅನ್ನುತ್ತಲೇ ಹಾಸಿಗೆ ಸುತ್ತಿದ. ಹಳ್ಳದ ಮೇಲಿನ ಕಾಲುಸೇತುವೆ ದಾಟಿ ಚಿಕ್ಕತ್ತೆಯ ಮನೆಗೆ ಹೋದೆವು. ಬಾಗಿಲು ನಿಜಕ್ಕೂ ಬೆಣ್ಣೆ ಥರ ತೆರೆಯಿತು. ಮಾವ ಮಾತ್ರ ಬರಲಿಲ್ಲ. ತಗಡಿನ ಗೂಡಿನೊಳಗೆ ಕುರ್ಚಿ ಹಾಕಿಕೊಂಡು ಬೋಳು ಕಂಬದ ಪಕ್ಕ ಕೂತುಬಿಟ್ಟರು.

ನಾನು ದಿನಾ ಊಟ ತೆಗೆದುಕೊಂಡು ಹೋಗಿ ಬೈದು ಬರುತ್ತಿದ್ದೆ. ಬೈಗುಳಗಳೆಲ್ಲ ಖರ್ಚಾದ ಮೇಲೆ ಒಂದು ದಿನ ಸುಮ್ಮನೆ ಅವರ ಕಾಲ ಬಳಿ ಕೂತು ಅತ್ತೆ. "ನಿಮಗೇನಾದ್ರೂ ಆದ್ರೆ ನಾನು ಯಾರ ಜೊತೆ ಜಗಳ ಆಡ್ಲಿ ಮಾವ?"

ಮಾವ ಕುರ್ಚಿಯ ಕಾಲನ್ನು ತೋರಿಸಿದರು. ಆಮೇಲೆ ಹೇಳಿದರು, "ನನಗೂ ಗೊತ್ತಮ್ಮ. ಕುರ್ಚಿ ಜಾರ್ತಿದೆ ಅಂತ ಕಾಲಿಗೆ ಕಲ್ಲು ಕೊಟ್ಕೊಂಡು ಕೂತಿದ್ದೀನಿ. ಆದ್ರೆ ಎಲ್ಲಿಗೆ ಬರ್ಲಿ? ಊರೆದುರು ಅವಳ ಮನೆಗೆ ನಾನೇ ಬೀಗ ಹಾಕಿದೆ. ಈಗ ಅದೇ ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಕಂಬವೂ ಅಲ್ಲ, ಉಪಗ್ರಹವೂ ಅಲ್ಲ. ಈ ಮುದುಕ ತಂಗಿಯ ಮುಖ ನೋಡಲಾರದೆ ಮಣ್ಣಿನ ಜೊತೆ ಹಳ್ಳಕ್ಕೆ ಹೋಗಲು ತಯಾರಾಗಿದ್ದರು. ನನಗೆ ಸಿಟ್ಟು ಬಂತು. ಓಡಿಹೋಗಿ ಚಿಕ್ಕತ್ತೆಗೆ ಹೇಳಿದೆ.

ಚಿಕ್ಕತ್ತೆ ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೆಯೇ ಕೈಯಲ್ಲಿ ಹಿಡಿದು ಹೊರಟರು. ಸೇತುವೆ ದಾಟಿ, ಹಿತ್ತಲಿಗೆ ಬಂದು, ಗೂಡಿನ ಮುಂದೆ ಇಳಿಜಾರಿನ ಅಂಚಿನಲ್ಲೇ ನೆಲಕ್ಕೆ ಕೂತು ಬಟ್ಟೆಗೆ ಗುಂಡಿ ಹೊಲಿಯತೊಡಗಿದರು.

ಮಾವ ಹೌಹಾರಿದರು. "ಅಲ್ಲಿ ಯಾಕೆ ಕೂತೆ? ಏಳು, ಏಳು!"

"ಯಾಕೆ? ಭದ್ರವಾದ ಜಾಗ ಅಲ್ವಾ ಇದು?"

"ಏಳು ಅಂದ್ನಲ್ಲ!"

"ನೀನು ಎದ್ರೆ ನಾನೂ ಏಳ್ತೀನಿ."

ಅವರು ಹೊಲಿಯುತ್ತಲೇ ಇದ್ದರು. ಅವರ ಮುಂದೆ, ಒಂದು ಮಾರು ದೂರದಲ್ಲಿ, ನೆಲ ಬಾಯಿ ಬಿಟ್ಟುಕೊಂಡಿದ್ದು ಎಲ್ಲರಿಗೂ ಕಾಣುತ್ತಿತ್ತು. ಮೊದಲ ಗುಂಡಿ ಮುಗಿದು ಎರಡನೆಯದಕ್ಕೆ ದಾರ ಪೋಣಿಸುವಷ್ಟರಲ್ಲಿ ಮಾವ ಎದ್ದರು. "ನಾನೇನೂ ಒಪ್ಕೊಂಡಿಲ್ಲ. ನಿನ್ನನ್ನ ಮನೆ ತನಕ ಬಿಟ್ಟು ಬರ್ತೀನಿ, ಅಷ್ಟೆ" ಅಂದರು. ತಂಗಿಯ ರಟ್ಟೆ ಹಿಡಿದು, ಬೈಯುತ್ತಾ, ಸೇತುವೆ ದಾಟಿಸಿಕೊಂಡು ಬಂದರು. ಬಂದವರು ಒಳಗೆ ಕಾಲಿಡಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತರು. ಇನ್ನೇನು ಹೊರಟೆ, ಇನ್ನೇನು ಹೊರಟೆ ಅನ್ನುತ್ತಲೇ ಅಲ್ಲೇ ಉಂಡರು, ಅಲ್ಲೇ ಮಲಗಿದರು. ಎದ್ದು ಹೊರಟಾಗಲೆಲ್ಲ ಚಿಕ್ಕತ್ತೆಯೂ ಬಟ್ಟೆ ಸೂಜಿ ತೆಗೆದುಕೊಂಡು ಎದ್ದು ನಿಲ್ಲುವರು. ಮಾವ ಗೊಣಗಿ ಮತ್ತೆ ಕೂರುವರು. ಆ ವಾರವೆಲ್ಲ ಹೀಗೆಯೇ ಕಳೆಯಿತು.

ಮರುವಾರ ಒಂದು ಮಧ್ಯಾಹ್ನದ ಹೊತ್ತು. ನಾವೆಲ್ಲ ಮೆಟ್ಟಿಲ ಹತ್ತಿರವೇ ಇದ್ದೆವು. ಎದುರು ದಡದಲ್ಲಿ ತಗಡಿನ ಗೂಡು ಒಮ್ಮೆ ತಲೆದೂಗಿದಂತೆ ಕಂಡಿತು. ಆಮೇಲೆ ಹಿತ್ತಲು, ಕಂಬ, ಹಿಂದಿನ ಕೋಣೆ, ಅಡುಗೆಮನೆ ಎಲ್ಲವೂ ಯಾವ ಅವಸರವೂ ಇಲ್ಲದೆ ಹಳ್ಳಕ್ಕೆ ಇಳಿದವು. ಸದ್ದು ಬಂದದ್ದು ಸ್ವಲ್ಪ ತಡವಾಗಿ. ಧೂಳು ಎದ್ದು, ಹರಡಿ, ನಿಧಾನಕ್ಕೆ ಕೂತಿತು. ಬೀದಿಯ ಕಡೆಯ ಗೋಡೆಯೊಂದು ಮಾತ್ರ ಗೇಟಿನ ಪಕ್ಕ ನಿಂತಿತ್ತು.

ನನ್ನ ಗಂಡ ಮೊದಲ ಸಲ ಯಾರಿಗೂ ಹೌದು ಅನ್ನಲಿಲ್ಲ. ಮಾವ ಮೆಟ್ಟಿಲ ಕಲ್ಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ತಂಗಿಯ ಕಡೆ ತಿರುಗಿ, ಚಿಕ್ಕ ಮಗು ಕೇಳುವ ಹಾಗೆ ಕೇಳಿದರು.

"ಮನೆ ಹೋಯ್ತಾ, ನಾವು ಹೋದ್ವಾ?"

"ಮನೆ ಹೋಯ್ತು ಅಣ್ಣ. ನಾವು ಇಲ್ಲೇ ಇದ್ದೀವಿ. ಒಳಗೆ ಬಾ."

ಮಾವ ಮೊಣಕಾಲು ಹಿಡಿದುಕೊಂಡು ಎದ್ದು, ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ, ತಂಗಿಯ ಮನೆಯೊಳಗೆ ಹೋದರು.